ಮಾತು ನಂಬಿ ಮೊಬೈಲ್ ಒಪ್ಪಂದಕ್ಕೆ ಸಹಿ ಹಾಕಿದವರಿಗೆ: ಹೊರಬರುವ ದಾರಿಯ ಸಮಗ್ರ ಮಾರ್ಗದರ್ಶಿ

ಮಾರಾಟಗಾರ ಟ್ಯಾಬ್ಲೆಟ್ಟನ್ನು ನಿಮ್ಮ ಕಡೆಗೆ ತಿರುಗಿಸಿ, ‘ಇಲ್ಲೊಂದು ಸಹಿ ಮಾಡಿಬಿಡಿ, ಬರೀ ಫಾರ್ಮಾಲಿಟಿ’ ಎನ್ನುತ್ತಾನೆ. ನಿಮ್ಮ ಕಣ್ಣಿಗೆ ಬೀಳುವುದು ಸಹಿಯ ಚೌಕ ಮಾತ್ರ. ಅದಕ್ಕೂ ಮೇಲಿದ್ದ ಹತ್ತು ಹನ್ನೆರಡು ಪುಟಗಳನ್ನು ಅವನು ಮಾತಾಡುತ್ತಲೇ ಬೆರಳಿನಿಂದ ಸರಿಸಿಬಿಟ್ಟಿರುತ್ತಾನೆ. ಹೊಸ ಫೋನಿನ ಪೆಟ್ಟಿಗೆ ಎದುರಿಗಿದೆ, ಹಳೆಯ ಫೋನಿನ ನಂಬರುಗಳೆಲ್ಲ ಹೊಸದಕ್ಕೆ ವರ್ಗವಾಗುತ್ತಿವೆ, ಬೆನ್ನ ಹಿಂದೆ ಇನ್ನೊಬ್ಬ ಗ್ರಾಹಕರು ಕಾಯುತ್ತ ನಿಂತಿದ್ದಾರೆ. ಅಂಥ ಹೊತ್ತಿನಲ್ಲಿ ‘ತಾಳಿ, ಪೂರ್ತಿ ಓದುತ್ತೇನೆ’ ಎನ್ನಲು ಹೆಚ್ಚಿನವರಿಗೆ ಬಾಯಿ ಬರುವುದಿಲ್ಲ. ತಿಂಗಳ ನಂತರ ಬರುವ ಮೊದಲ ಬಿಲ್ಲಿನಲ್ಲಿ ಪುಗಸಟ್ಟೆ ಎಂದಿದ್ದ ವಸ್ತುವಿಗೆ ಕಂತು, ಬೇಡವೆಂದಿದ್ದ ವಿಮೆಗೆ ಶುಲ್ಕ, ಯಾವಾಗ ಬೇಕಾದರೂ ಬಿಡಬಹುದೆಂದಿದ್ದ ಪ್ಲಾನಿಗೆ ಎರಡು ವರ್ಷದ ಕಟ್ಟು ಕಾಣಿಸಿಕೊಳ್ಳುತ್ತವೆ.

ನನಗೂ ಹೀಗಾಗಿದೆ. ಫೋನಿನ ಜೊತೆಗೆ ‘ಉಡುಗೊರೆ’ ಎಂದು ಕೈಗಿತ್ತ ಟ್ಯಾಬ್ಲೆಟ್ಟಿಗೆ ಪ್ರತ್ಯೇಕ ಸಂಪರ್ಕವೊಂದನ್ನು ತೆರೆದು, ಅದಕ್ಕೆ ತಿಂಗಳ ಬಾಡಿಗೆ ಹಚ್ಚಿದ್ದರು. ಮೂರು ಸಲ ಕಸ್ಟಮರ್ ಕೇರಿಗೆ ಫೋನ್ ಮಾಡಿ ಕೂಗಾಡಿದೆ. ಪ್ರತಿ ಸಲವೂ ಬೇರೆ ಧ್ವನಿ, ಪ್ರತಿ ಸಲವೂ ಮೊದಲಿನಿಂದ ಕಥೆ, ಪ್ರತಿ ಸಲವೂ ‘ಸಿಸ್ಟಮ್ಮಿನಲ್ಲಿ ಅಂಥದ್ದೇನೂ ಕಾಣುತ್ತಿಲ್ಲ’ ಎಂಬ ಉತ್ತರ. ಕೊನೆಗೆ ಒಂದೇ ಪುಟದ ಪತ್ರವನ್ನು ದಿನಾಂಕ ಸಮೇತ ಬರೆದು ಕಳಿಸಿದ ಮೇಲೆ ಆ ಸಂಪರ್ಕ ರದ್ದಾಯಿತು. ಕೆಳಗಿನ ಹೆಜ್ಜೆಗಳೆಲ್ಲವೂ ಆ ಒಂದು ಪುಟವನ್ನು ಸಿದ್ಧಪಡಿಸುವುದಕ್ಕೆ ಮತ್ತು ಅದನ್ನು ಸರಿಯಾದ ಜಾಗಕ್ಕೆ ತಲುಪಿಸುವುದಕ್ಕೆ ಸಂಬಂಧಿಸಿದವು.

ಸಹಿ ಹಾಕಿದ ಮೇಲೆ ಮುಗಿಯಿತೇ?

‘ಓದದೆ ಸಹಿ ಹಾಕಿದ್ದು ನಮ್ಮದೇ ತಪ್ಪು’ ಎಂದು ಮೋಸಹೋದವರೇ ತಮ್ಮನ್ನು ತಾವು ಹಳಿದುಕೊಂಡು ಸುಮ್ಮನಾಗುವುದುಂಟು. ಮಾರಾಟಗಾರರ ಅತಿ ದೊಡ್ಡ ರಕ್ಷಣೆ ಇದೇ. ಕಾನೂನಿನ ನಿಲುವು ಇಷ್ಟು ಸರಳವಾಗಿಲ್ಲವಾದ್ದರಿಂದ ಮೊದಲು ಅದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಸಹಿ ಹಾಕಿದವರು ಓದಿರಲಿ ಬಿಡಲಿ, ಆ ಕಾಗದಕ್ಕೆ ಬದ್ಧರು ಎಂಬ ನಿಯಮ ಹಳೆಯದು. ಇಂಗ್ಲೆಂಡಿನ ನ್ಯಾಯಾಲಯ 1934ರಲ್ಲಿ ಲೆಸ್ಟ್ರೇಂಜ್ ವಿರುದ್ಧ ಗ್ರಾಕಾಬ್ ಎಂಬ ಪ್ರಕರಣದಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು. ಸಿಗರೇಟು ಮಾರುವ ಯಂತ್ರವೊಂದನ್ನು ಕೊಂಡ ಹೆಂಗಸು, ಕಂದು ಕಾಗದದ ಮೇಲೆ ತೀರಾ ಸಣ್ಣ ಅಕ್ಷರದಲ್ಲಿದ್ದ ಷರತ್ತನ್ನು ಓದದೆ ಸಹಿ ಹಾಕಿ ಸೋತಳು. ಆದರೆ ಅದೇ ತೀರ್ಪಿನಲ್ಲಿ ಒಂದು ಅಪವಾದವನ್ನೂ ಇಟ್ಟಿದ್ದರು: ವಂಚನೆ ಅಥವಾ ತಪ್ಪು ನಿರೂಪಣೆ (ನಿಜವಲ್ಲದ ಸಂಗತಿಯನ್ನು ನಿಜವೆಂದು ಹೇಳುವುದು) ಇಲ್ಲದಿದ್ದರೆ ಮಾತ್ರ ಈ ನಿಯಮ. ಆ ಅಪವಾದಕ್ಕೆ ಜೀವ ಬಂದದ್ದು 1951ರ ಕರ್ಟಿಸ್ ಪ್ರಕರಣದಲ್ಲಿ. ಮದುವೆಯ ಉಡುಪನ್ನು ಒಗೆಯಲು ಕೊಡಲು ಹೋದ ಮಹಿಳೆಯ ಮುಂದೆ ಅಂಗಡಿಯವಳು ರಸೀದಿಯೊಂದನ್ನು ಚಾಚಿದಳು. ‘ಇದಕ್ಕೆ ಏಕೆ ಸಹಿ?’ ಎಂದು ಆಕೆ ಕೇಳಿದಾಗ, ಮಣಿ ಮತ್ತು ಮಿನುಗುಗಳಿಗೆ ಹಾನಿಯಾದರೆ ಅಂಗಡಿ ಹೊಣೆಯಲ್ಲ ಎಂಬುದಕ್ಕಷ್ಟೇ ಎಂಬರ್ಥದ ಉತ್ತರ ಬಂತು. ರಸೀದಿಯಲ್ಲಿದ್ದದ್ದು ಯಾವುದೇ ಹಾನಿಗೂ ಹೊಣೆಯಿಲ್ಲ ಎಂಬ ಷರತ್ತು. ಉಡುಪು ಕಲೆಯಾಗಿ ವಾಪಸು ಬಂದಾಗ ಅಂಗಡಿಯವರು ಸಹಿಯನ್ನು ತೋರಿಸಿದರು, ನ್ಯಾಯಾಲಯ ಒಪ್ಪಲಿಲ್ಲ. ಷರತ್ತಿನ ಅರ್ಥವನ್ನು ನೀವೇ ತಪ್ಪಾಗಿ ಹೇಳಿದ ಮೇಲೆ ಆ ಷರತ್ತಿನ ಹಿಂದೆ ಅಡಗುವಂತಿಲ್ಲ ಎಂದಿತು. ಟ್ಯಾಬ್ಲೆಟ್ ಮುಂದೊಡ್ಡಿ ‘ಬರೀ ಫಾರ್ಮಾಲಿಟಿ’ ಎನ್ನುವವನಿಗೂ ಆ ಅಂಗಡಿಯವಳಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ಭಾರತದ 1872ರ ಒಪ್ಪಂದ ಕಾಯ್ದೆಯ 17ನೆಯ ಕಲಮು ವಂಚನೆಯನ್ನೂ 18ನೆಯದು ತಪ್ಪು ನಿರೂಪಣೆಯನ್ನೂ ವಿವರಿಸುತ್ತವೆ. ಹಾಗೆ ಪಡೆದ ಒಪ್ಪಿಗೆಯಿಂದಾದ ಒಪ್ಪಂದವನ್ನು, ಒಪ್ಪಿಗೆ ಕೊಟ್ಟವರು ಬಯಸಿದರೆ ರದ್ದುಪಡಿಸಬಹುದೆಂದು 19ನೆಯ ಕಲಮು ಹೇಳುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಸಾಮಾನ್ಯ ಎಚ್ಚರ ವಹಿಸಿದ್ದರೆ ಸತ್ಯ ತಿಳಿಯಬಹುದಾಗಿತ್ತು ಎಂದಾದರೆ, ಬರಿಯ ತಪ್ಪು ನಿರೂಪಣೆಯ ಅಥವಾ ಮೌನದ ಆಧಾರದ ಮೇಲೆ ಹೊರಬರುವುದನ್ನು ಅದೇ ಕಲಮು ತಡೆಯುತ್ತದೆ. ಇಂಗ್ಲೆಂಡಿನಲ್ಲಿ 1881ರ ರೆಡ್‌ಗ್ರೇವ್ ವಿರುದ್ಧ ಹರ್ಡ್ ತೀರ್ಪು ಇದಕ್ಕೆ ಎದುರಾದ ದಾರಿ ಹಿಡಿದಿದೆ: ಪರೀಕ್ಷಿಸುವ ಅವಕಾಶವಿತ್ತು ಎಂಬ ಕಾರಣಕ್ಕೆ ಸುಳ್ಳು ಹೇಳಿದವರು ಪಾರಾಗುವುದಿಲ್ಲ. ಆದ್ದರಿಂದ ‘ನಾನು ಓದಲಿಲ್ಲ’ ಎನ್ನುವುದಕ್ಕಿಂತ ‘ನಾನು ಕೇಳಿದೆ, ಅವರು ಹೀಗೆ ಉತ್ತರಿಸಿದರು, ಆ ಉತ್ತರ ನಂಬಿ ಸಹಿ ಹಾಕಿದೆ’ ಎನ್ನುವುದು ಎಲ್ಲ ಕಡೆಯೂ ಗಟ್ಟಿಯಾದ ವಾದ. ಎರಡೂ ಒಂದೇ ಎಂದು ತೋರಬಹುದು, ಆದರೆ ದೂರಿನ ಹಣೆಬರಹ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಹೆಜ್ಜೆ 1: ಯಾವುದು ಸುಳ್ಳು, ಯಾವುದು ಬಣ್ಣದ ಮಾತು ಎಂದು ಬೇರ್ಪಡಿಸಿ

‘ಇದಕ್ಕಿಂತ ಒಳ್ಳೆಯ ಪ್ಲಾನ್ ಊರಲ್ಲೇ ಇಲ್ಲ’ ಎಂಬುದು ಬಣ್ಣದ ಮಾತು. ಅದನ್ನು ಹಿಡಿದು ಜಗಳಕ್ಕೆ ಹೋದರೆ ಕೈಗೆ ಏನೂ ಹತ್ತುವುದಿಲ್ಲ. ‘ತಿಂಗಳಿಗೆ ಇಷ್ಟೇ, ತೆರಿಗೆಯೂ ಇದರಲ್ಲೇ ಸೇರಿದೆ’, ‘ಮೂವತ್ತು ದಿನದೊಳಗೆ ಒಂದು ಪೈಸೆ ಕೊಡದೆ ವಾಪಸು ಮಾಡಬಹುದು’, ‘ನಿಮ್ಮ ಹಳೆಯ ಕಂಪನಿಯ ಬಾಕಿಯನ್ನು ನಾವೇ ತೀರಿಸುತ್ತೇವೆ’, ‘ನಿಮ್ಮ ಮನೆಯಲ್ಲಿ ಸಿಗ್ನಲ್ ಸಿಗುತ್ತದೆ, ಈಗಷ್ಟೇ ನೋಡಿದೆ’ ಎಂಬಂಥವು ಪರೀಕ್ಷಿಸಿ ನಿಜವೋ ಸುಳ್ಳೋ ಹೇಳಬಹುದಾದ ಮಾತುಗಳು. ದೂರು ನಿಲ್ಲುವುದು ಇವುಗಳ ಮೇಲೆ.

ಅರ್ಧ ಸತ್ಯವನ್ನೂ ಇದೇ ಸಾಲಿಗೆ ಸೇರಿಸಿ. ‘ಫೋನ್ ಉಚಿತ’ ಎಂದು ಹೇಳಿ, ಮೂವತ್ತಾರು ತಿಂಗಳು ಅದೇ ಪ್ಲಾನಿನಲ್ಲಿದ್ದರೆ ಮಾತ್ರ ಉಚಿತ ಎಂಬುದನ್ನು ನುಂಗಿಕೊಳ್ಳುವುದು ಅರ್ಧ ಸತ್ಯ. ನಿಮ್ಮನ್ನು ಕೇಳದೆಯೇ ಸೇರಿಸಿದ ವಿಮೆ, ಎರಡನೆಯ ಸಂಪರ್ಕ, ಮನರಂಜನಾ ಚಂದಾ ಮುಂತಾದವುಗಳದು ಬೇರೆಯೇ ಜಾತಿ. ಅಲ್ಲಿ ಮಾತು ತಪ್ಪಾಗಿತ್ತೇ ಎಂಬ ಪ್ರಶ್ನೆಯೇ ಏಳುವುದಿಲ್ಲ, ಒಪ್ಪಿಗೆಯೇ ಇರಲಿಲ್ಲ. ಇವುಗಳನ್ನು ತೆಗೆಸುವುದು ಎಲ್ಲಕ್ಕಿಂತ ಸುಲಭ.

ಹೆಜ್ಜೆ 2: ಅದೇ ದಿನ ಬರೆದಿಡಿ

ಅನುಮಾನ ಬಂದ ದಿನವೇ, ಸಾಧ್ಯವಾದರೆ ಸಹಿ ಹಾಕಿದ ದಿನವೇ, ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ‘ಹೇಳಿದ್ದು’, ಬಲಗಡೆ ‘ಬರೆದಿರುವುದು’. ಎಡಗಡೆಯಲ್ಲಿ ಮಾರಾಟಗಾರರ ಮಾತನ್ನು, ನೆನಪಿರುವಷ್ಟು ಅವರದೇ ಪದಗಳಲ್ಲಿ, ನೀವು ಕೇಳಿದ ಪ್ರಶ್ನೆಯ ಸಮೇತ ಬರೆಯಿರಿ. ಬಲಗಡೆಯಲ್ಲಿ ಒಪ್ಪಂದದ ಪುಟ ಮತ್ತು ಕಲಮಿನ ಸಂಖ್ಯೆ ಬರಲಿ. ನನ್ನ ಹಾಳೆಯ ಒಂದು ಸಾಲು ಹೀಗಿತ್ತು: ಎಡಕ್ಕೆ, ‘ಟ್ಯಾಬ್ಲೆಟ್ಟಿಗೆ ಪ್ರತ್ಯೇಕ ಬಿಲ್ ಬರುತ್ತದೆಯೇ ಎಂದು ಕೇಳಿದೆ. ಇಲ್ಲ, ಇದು ಫೋನಿನ ಜೊತೆ ಬರುವ ಉಡುಗೊರೆ ಎಂದರು’. ಬಲಕ್ಕೆ, ‘ಪುಟ 7, ಎರಡನೆಯ ಸಂಪರ್ಕ, 24 ತಿಂಗಳು.’ ಇಷ್ಟು ಬರೆದ ಮೇಲೆ ಕೋಪಕ್ಕೆ ಅಲ್ಲಿ ಜಾಗವೂ ಇರಲಿಲ್ಲ, ಅಗತ್ಯವೂ ಇರಲಿಲ್ಲ.

ಹಾಳೆಯ ಮೇಲ್ಭಾಗದಲ್ಲಿ ದಿನಾಂಕ, ಹೊತ್ತು, ಅಂಗಡಿಯ ವಿಳಾಸ, ಮಾರಾಟಗಾರರ ಎದೆಪಟ್ಟಿಯಲ್ಲಿದ್ದ ಹೆಸರು, ಜೊತೆಗೆ ಯಾರಿದ್ದರು ಎಂಬುದನ್ನು ನಮೂದಿಸಿ. ಜೊತೆಗಿದ್ದವರು ತಾವು ಕೇಳಿಸಿಕೊಂಡದ್ದನ್ನು ಬೇರೆ ಹಾಳೆಯಲ್ಲಿ ತಾವೇ ಬರೆಯಲಿ. ನಿಮ್ಮದನ್ನು ನೋಡಿ ಬರೆಯುವುದು ಬೇಡ. ಅದೇ ದಿನ ಈ ಹಾಳೆಯ ಚಿತ್ರವನ್ನು ನಿಮಗೆ ನೀವೇ ಇಮೇಲ್ ಮಾಡಿಕೊಂಡರೆ, ಬರೆದ ದಿನಕ್ಕೆ ಸಾಕ್ಷಿ ತಾನಾಗಿ ಹುಟ್ಟುತ್ತದೆ. ಆರು ತಿಂಗಳ ನಂತರದ ನೆನಪಿಗಿಂತ ಅದೇ ದಿನದ ಟಿಪ್ಪಣಿಗೆ ಹೆಚ್ಚು ತೂಕ.

ಪೆಟ್ಟಿಗೆ, ಚಾರ್ಜರ್, ಪ್ಲಾಸ್ಟಿಕ್ ಹೊದಿಕೆ, ರಸೀದಿ, ಗೋಡೆಗೆ ಅಂಟಿಸಿದ್ದ ಜಾಹೀರಾತಿನ ಫೋಟೊ, ಮಾರಾಟಗಾರ ಲೆಕ್ಕ ಹಾಕಿ ತೋರಿಸಿದ ಚೀಟಿ ಯಾವುದನ್ನೂ ಎಸೆಯಬೇಡಿ. ಆ ಚೀಟಿ ಇದ್ದರಂತೂ ಚಿನ್ನ. ಬಾಯಿಮಾತು ಕಾಗದಕ್ಕೆ ಇಳಿದ ಒಂದೇ ಜಾಗ ಅದಾಗಿರುತ್ತದೆ. ಹೊಸ ಫೋನನ್ನು ಆದಷ್ಟು ಬಳಸದೆ ಪೆಟ್ಟಿಗೆಯಲ್ಲೇ ಇಡಿ. ಬಳಸುತ್ತ ಹೋದಷ್ಟೂ ಒಪ್ಪಂದವನ್ನು ನೀವು ಒಪ್ಪಿಕೊಂಡಿರಿ ಎಂದು ವಾದಿಸಲು ಎದುರಿನವರಿಗೆ ಅನುಕೂಲ.

ಹೆಜ್ಜೆ 3: ದಿನಗಳನ್ನು ಎಣಿಸಿ

ಕಾರಣ ಹೇಳದೆಯೇ ಹಿಂದೆ ಸರಿಯುವ ಹಕ್ಕು ನಿಮಗಿದೆಯೇ ಎಂದು ಮೊದಲು ನೋಡಿ. ಇದ್ದರೆ ಮೋಸವನ್ನು ಸಾಬೀತುಪಡಿಸುವ ಗೋಜೇ ಬೇಡ. ಆದರೆ ಈ ಹಕ್ಕು ನೀವು ಎಲ್ಲಿ, ಹೇಗೆ ಕೊಂಡಿರಿ ಎಂಬುದರ ಮೇಲೆ ನಿಂತಿದೆ.

ಐರೋಪ್ಯ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದ ಪ್ರಕಾರ, ಫೋನಿನಲ್ಲಿ, ಆನ್‌ಲೈನಿನಲ್ಲಿ ಅಥವಾ ಮನೆಬಾಗಿಲಿಗೆ ಬಂದವರಿಂದ ಮಾಡಿಕೊಂಡ ಒಪ್ಪಂದದಿಂದ 14 ದಿನದೊಳಗೆ ಹಿಂದೆ ಸರಿಯಬಹುದು. ಆ ಹಕ್ಕಿನ ಬಗ್ಗೆ ಮಾರುವವರು ತಿಳಿಸದೇ ಇದ್ದರೆ ಅವಧಿ ಇನ್ನೂ 12 ತಿಂಗಳು ಚಾಚಿಕೊಳ್ಳುತ್ತದೆ. ಬ್ರಿಟನ್ನಿನ 2013ರ ನಿಯಮಗಳೂ 14 ದಿನಗಳನ್ನೇ ಕೊಡುತ್ತವೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ ಮೂರು ವ್ಯವಹಾರ ದಿನಗಳದು. ಅದು ಮನೆಯಲ್ಲಿ ಅಥವಾ ತಾತ್ಕಾಲಿಕ ಮಳಿಗೆಗಳಲ್ಲಿ ನಡೆದ ಮಾರಾಟಕ್ಕೆ ಅನ್ವಯಿಸುತ್ತದೆಯೇ ಹೊರತು ಕಾಯಂ ಅಂಗಡಿಗೆ ನೀವಾಗಿ ಹೋಗಿ ಕೊಂಡದ್ದಕ್ಕಲ್ಲ. ಆಸ್ಟ್ರೇಲಿಯಾದಲ್ಲಿ ಕರೆಯದೆ ಬಂದು ಮಾರಿದವರ ಒಪ್ಪಂದಕ್ಕೆ 10 ವ್ಯವಹಾರ ದಿನಗಳಿವೆ. ಕೆನಡಾದ ವೈರ್‌ಲೆಸ್ ಸಂಹಿತೆ ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರದ್ದು: 2013ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಅದರಡಿಯಲ್ಲಿ, ಬೇಗ ಬಿಟ್ಟರೆ ದಂಡ ಹಾಕುವ ಫೋನ್ ಒಪ್ಪಂದಗಳಿಗೆ ಕನಿಷ್ಠ 15 ದಿನಗಳ ಪ್ರಯೋಗಾವಧಿ ಇದೆ, ಆದರೆ ಆ ಅವಧಿಯಲ್ಲಿ ಬಳಕೆ ಮಿತಿಯೊಳಗಿರಬೇಕು.

ಅಂಗಡಿಗೆ ಕಾಲಿಟ್ಟು ಕೊಂಡವರಿಗೆ ಅನೇಕ ಕಡೆ ಕಾನೂನಿನ ಈ ಕೊಡೆ ಇಲ್ಲ. ಆಗ ಕಂಪನಿಯದೇ ವಾಪಸಾತಿ ನಿಯಮವನ್ನು ಹುಡುಕಿ. ಸಾಮಾನ್ಯವಾಗಿ ರಸೀದಿಯ ಹಿಂಬದಿಯಲ್ಲಿ ಇಲ್ಲವೇ ಜಾಲತಾಣದ ಅಡಿಭಾಗದಲ್ಲಿ ಇರುತ್ತದೆ. ಅದರಲ್ಲಿ ಎರಡು ಬಲೆಗಳನ್ನು ಗಮನಿಸಬೇಕು. ಒಂದು, ಪೆಟ್ಟಿಗೆ ತೆರೆದದ್ದಕ್ಕೆ ಮುರಿದುಕೊಳ್ಳುವ ಶುಲ್ಕ. ಎರಡು, ಫೋನ್ ವಾಪಸು ಮಾಡಿದರೂ ಸಂಪರ್ಕ ಮುಂದುವರಿಯುವುದು. ಫೋನ್ ಬೇರೆ, ಸೇವೆ ಬೇರೆ. ಎರಡನ್ನೂ ರದ್ದುಪಡಿಸುತ್ತಿದ್ದೇನೆ ಎಂದು ಬರೆದುಕೊಡಬೇಕು. ಗಡುವಿನ ಕೊನೆಯ ದಿನ ಅಂಗಡಿಗೆ ಹೋದವರಿಗೆ ‘ಮ್ಯಾನೇಜರ್ ನಾಳೆ ಬರುತ್ತಾರೆ’ ಎನ್ನುವುದು ಹಳೆಯ ತಂತ್ರವಾದ್ದರಿಂದ, ಅಂಗಡಿಗೆ ಹೋಗುವ ಮೊದಲೇ ಕಂಪನಿಯ ಇಮೇಲಿಗೆ ಒಂದು ಸಾಲು ಕಳಿಸಿಬಿಡಿ.

ಹೆಜ್ಜೆ 4: ಒಪ್ಪಂದವನ್ನು ಈಗ ಓದಿ, ಆದರೆ ಹಿಂದಿನಿಂದ

ನಿಮ್ಮ ಇಮೇಲಿಗೆ ಪ್ರತಿ ಬಂದಿರುತ್ತದೆ. ಬಂದಿಲ್ಲದಿದ್ದರೆ ಅದನ್ನೇ ಮೊದಲು ಬರವಣಿಗೆಯಲ್ಲಿ ಕೇಳಿ. ಐರೋಪ್ಯ ಒಕ್ಕೂಟ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಚಿಕ್ಕ ಸಾರಾಂಶವೊಂದನ್ನು ಕೊಡುವುದು ಕಂಪನಿಯ ಕರ್ತವ್ಯ. ಸಹಿಗೆ ಮೊದಲೇ ಕೊಡಬೇಕಾದ ಸಾರಾಂಶವನ್ನು ಕೊಟ್ಟಿರದಿದ್ದರೆ ಅದೇ ಒಂದು ಪ್ರತ್ಯೇಕ ದೂರು.

ಮೊದಲ ಪುಟದ ಸ್ವಾಗತ ವಾಕ್ಯಗಳನ್ನು ಬಿಟ್ಟು, ಹಣದ ಕೋಷ್ಟಕಕ್ಕೆ ನೇರವಾಗಿ ಹೋಗಿ. ಅವಧಿ ಎಷ್ಟು, ಫೋನಿನ ಕಂತಿನ ಅವಧಿಯೂ ಸೇವೆಯ ಅವಧಿಯೂ ಒಂದೇ ಆಗಿವೆಯೇ, ಮಧ್ಯೆ ಬಿಟ್ಟರೆ ಏನು ಕೊಡಬೇಕು, ರಿಯಾಯಿತಿ ಯಾವ ಷರತ್ತಿಗೆ ತಗುಲಿಕೊಂಡಿದೆ ಎಂಬುದನ್ನು ಹುಡುಕಿ. ಅತಿ ಹೆಚ್ಚು ಜನ ಬೀಳುವ ಹಳ್ಳ ‘ಬಿಲ್ ಕ್ರೆಡಿಟ್’ ಎಂಬುದು. ಫೋನಿನ ಬೆಲೆಯನ್ನು 36 ಕಂತು ಮಾಡುತ್ತಾರೆ. ಪ್ರತಿ ತಿಂಗಳೂ ಒಂದು ಕಂತನ್ನು ಬಿಲ್ಲಿಗೆ ಸೇರಿಸಿ, ಅಷ್ಟೇ ಮೊತ್ತವನ್ನು ಕೆಳಗಿನ ಸಾಲಿನಲ್ಲಿ ಕಳೆಯುತ್ತಾರೆ. ನೋಡುವವರಿಗೆ ಫೋನ್ ಉಚಿತ. ಹತ್ತನೆಯ ತಿಂಗಳು ಮುಗಿದು ನೀವು ಹೊರಟರೆ ಕಳೆಯುವುದು ನಿಲ್ಲುತ್ತದೆ, ಉಳಿದ 26 ಕಂತುಗಳು ಒಟ್ಟಿಗೆ ಬಾಕಿಯಾಗಿ ನಿಲ್ಲುತ್ತವೆ. ಅಂದರೆ ಫೋನಿನ ಬೆಲೆಯ ಶೇಕಡಾ ಎಪ್ಪತ್ತಕ್ಕೂ ಹೆಚ್ಚನ್ನು ಒಂದೇ ಸಲ ಕಟ್ಟಬೇಕು. ‘ಯಾವಾಗ ಬೇಕಾದರೂ ಬಿಡಬಹುದು, ಒಪ್ಪಂದವೇ ಇಲ್ಲ’ ಎಂದು ಮಾರಾಟಗಾರ ಹೇಳಿದ್ದು ಸೇವೆಯ ಮಟ್ಟಿಗೆ ನಿಜವೇ ಆಗಿರುತ್ತದೆ. ಕಟ್ಟು ಇರುವುದು ಫೋನಿನ ಸಾಲದಲ್ಲಿ. ಅರ್ಧ ಸತ್ಯಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಕೊನೆಯ ಪುಟಗಳಲ್ಲಿ ‘ಈ ಕಾಗದದಲ್ಲಿರುವುದೇ ಪೂರ್ತಿ ಒಪ್ಪಂದ, ಬಾಯಿಮಾತಿಗೆ ಬೆಲೆಯಿಲ್ಲ’ ಎಂಬ ಷರತ್ತು ಇದ್ದೇ ಇರುತ್ತದೆ. ಅದನ್ನು ಓದಿ ಎದೆಗುಂದಬೇಡಿ. ವಂಚನೆಯನ್ನು ಅಂಥ ಒಂದು ಸಾಲು ಮುಚ್ಚಿಹಾಕಲಾರದು. ಗ್ರಾಹಕರ ವಿಷಯದಲ್ಲಿ ಅನೇಕ ದೇಶಗಳ ಕಾನೂನು ಇಂಥ ಷರತ್ತುಗಳನ್ನು ಅನುಮಾನದಿಂದಲೇ ನೋಡುತ್ತದೆ. ವ್ಯಾಜ್ಯವನ್ನು ನ್ಯಾಯಾಲಯದ ಬದಲು ಖಾಸಗಿ ಮಧ್ಯಸ್ಥಗಾರರ ಮುಂದೆ ತರಬೇಕೆಂಬ ಷರತ್ತು, ಮುಖ್ಯವಾಗಿ ಅಮೆರಿಕದ ಒಪ್ಪಂದಗಳಲ್ಲಿ, ಅದರ ಪಕ್ಕದಲ್ಲೇ ಇರುತ್ತದೆ. ಸಣ್ಣ ಮೊತ್ತದ ನ್ಯಾಯಾಲಯಕ್ಕೆ ಹೋಗಲು ಅದರೊಳಗೇ ಕಿಂಡಿ ಇಟ್ಟಿದ್ದಾರೆಯೇ ನೋಡಿ.

ಹೆಜ್ಜೆ 5: ಮೊದಲ ಬಿಲ್ಲನ್ನು ಸಾಲು ಸಾಲಾಗಿ ಬಿಡಿಸಿ

ಮೊದಲ ಬಿಲ್ ಸಾಮಾನ್ಯವಾಗಿ ಹೇಳಿದ್ದಕ್ಕಿಂತ ಹೆಚ್ಚಾಗಿರುತ್ತದೆ, ಅದರಲ್ಲಿ ಎಲ್ಲವೂ ಮೋಸವಲ್ಲ. ತಿಂಗಳ ಮಧ್ಯೆ ಸೇರಿದ್ದರೆ ಆ ಬಿಡಿ ದಿನಗಳ ಶುಲ್ಕ ಮತ್ತು ಮುಂದಿನ ತಿಂಗಳ ಮುಂಗಡ ಎರಡೂ ಒಟ್ಟಿಗೆ ಬರುತ್ತವೆ. ಬಿಲ್ ಕ್ರೆಡಿಟ್ ಒಂದೆರಡು ಬಿಲ್ ತಡವಾಗಿ ಶುರುವಾಗುವುದೂ ಉಂಟು. ಇವುಗಳನ್ನು ಪಕ್ಕಕ್ಕಿಟ್ಟು, ಪ್ರತಿ ತಿಂಗಳೂ ಮರುಕಳಿಸುವ ಸಾಲುಗಳನ್ನು ಮಾತ್ರ ಪೆನ್ನಿನಿಂದ ಗುರುತು ಮಾಡಿ. ವಿಮೆ, ತಾಂತ್ರಿಕ ನೆರವು, ಕ್ಲೌಡ್ ಸಂಗ್ರಹ ಎಂದೆಲ್ಲ ಹೆಸರಿರುವ ಸಣ್ಣ ಸಣ್ಣ ಮೊತ್ತಗಳಿಗೆ ನೀವು ಒಪ್ಪಿದ್ದು ಎಲ್ಲಿ ಎಂದು ಒಪ್ಪಂದದಲ್ಲಿ ಹುಡುಕಿ. ಮುಂಚೆಯೇ ಟಿಕ್ ಹಾಕಿಟ್ಟ ಚೌಕದ ಮೂಲಕ ಹೆಚ್ಚುವರಿ ಹಣ ಪಡೆಯುವುದಕ್ಕೆ ಐರೋಪ್ಯ ನಿರ್ದೇಶನದಲ್ಲಿ ಮಾನ್ಯತೆಯಿಲ್ಲ. ಅಂಥ ಹಣವನ್ನು ಹಿಂದಿರುಗಿಸಬೇಕು. ಗ್ರಾಹಕರಿಗೆ ಗೊತ್ತಾಗದಂತೆ ಬುಟ್ಟಿಗೆ ವಸ್ತು ಸೇರಿಸುವುದನ್ನು ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಆನ್‌ಲೈನಿನಲ್ಲಿ ಕೊಂಡವರು ಇದನ್ನು ಉಲ್ಲೇಖಿಸಬಹುದು.

ಹೆಜ್ಜೆ 6: ಏನು ಬೇಕೆಂದು ನೀವೇ ತೀರ್ಮಾನಿಸಿ

ದೂರು ಕೊಡುವವರು ಎಡವುವುದು ಇಲ್ಲಿ. ‘ನನಗೆ ನ್ಯಾಯ ಬೇಕು’ ಎಂದು ಬರೆದರೆ ಕಂಪನಿ ಒಂದು ಕ್ಷಮಾಪಣೆ ಬರೆದು ಕಡತ ಮುಚ್ಚುತ್ತದೆ. ಬೇಡಿಕೆ ಎರಡರಲ್ಲಿ ಒಂದಾಗಿರಬೇಕು. ಒಪ್ಪಂದವನ್ನು ಪೂರ್ತಿ ಕಳಚಿ, ಫೋನ್ ವಾಪಸು ಪಡೆದು, ಕಟ್ಟಿದ ಹಣ ಹಿಂದಿರುಗಿಸಿ ಎನ್ನುವುದು ಒಂದು. ಹೇಳಿದ ಬೆಲೆಗೆ, ಹೇಳಿದ ಷರತ್ತಿಗೆ ನಡೆದುಕೊಳ್ಳಿ ಎನ್ನುವುದು ಇನ್ನೊಂದು. ಫೋನನ್ನು ಎರಡು ತಿಂಗಳು ಬಳಸಿ ಆಗಿದ್ದರೆ, ಹಳೆಯ ಫೋನ್ ವಿನಿಮಯಕ್ಕೆ ಹೋಗಿ ಮರಳಿ ಬಾರದಂತಿದ್ದರೆ, ಎರಡನೆಯದನ್ನೇ ಕೇಳುವುದು ಬುದ್ಧಿವಂತಿಕೆ ಎಂಬುದು ನನ್ನ ಅಭಿಪ್ರಾಯ. ಕಂಪನಿಯ ಪ್ರತಿನಿಧಿಗೆ ತಿಂಗಳ ಬಾಡಿಗೆ ತಗ್ಗಿಸುವ ಅಧಿಕಾರ ಇರುವುದುಂಟು. ಒಪ್ಪಂದ ಕಳಚುವ ಅಧಿಕಾರ ಅಷ್ಟು ಸುಲಭವಾಗಿ ಇರುವುದಿಲ್ಲ.

ಹೆಜ್ಜೆ 7: ಪತ್ರ ಬರೆಯಿರಿ

ಅಂಗಡಿಗೆ ಒಮ್ಮೆ ಹೋಗಿ, ಆದರೆ ಅಲ್ಲೇ ನಿಲ್ಲಬೇಡಿ. ಎಷ್ಟೋ ಅಂಗಡಿಗಳು ಕಂಪನಿಯವಲ್ಲ, ಕಮಿಷನ್ನಿಗೆ ಮಾರುವ ಏಜೆಂಟರವು. ನಿಮ್ಮ ಒಪ್ಪಂದ ರದ್ದಾದರೆ ಅವರ ಕಮಿಷನ್ ವಾಪಸು ಹೋಗುತ್ತದೆಯಾದ್ದರಿಂದ ದಿನ ದೂಡುವುದರಲ್ಲೇ ಅವರ ಹಿತವಿದೆ. ‘ಅದು ಏಜೆಂಟರ ತಪ್ಪು, ನಮ್ಮದಲ್ಲ’ ಎಂದು ಕಂಪನಿ ಹೇಳಿದರೆ, ತಮ್ಮ ಪರವಾಗಿ ಒಪ್ಪಂದ ಮಾಡಿಸಲು ನೇಮಿಸಿಕೊಂಡವರ ಮಾತಿಗೆ ನೇಮಿಸಿಕೊಂಡವರು ಸಾಮಾನ್ಯವಾಗಿ ಹೊಣೆಗಾರರು ಎಂದು ನೆನಪಿಸಿ. ಆ ಒಪ್ಪಂದದ ಹಣ ಪಡೆಯುತ್ತಿರುವುದು ಕಂಪನಿಯೇ.

ಪತ್ರ ಒಂದು ಪುಟ ಮೀರುವುದು ಬೇಡ. ಅದರ ನಡುಗಂಬ ಹೀಗಿರಬಹುದು:

‘ಮಾನ್ಯರೇ, ಇಂಥ ದಿನಾಂಕದಂದು ಇಂಥ ವಿಳಾಸದ ನಿಮ್ಮ ಮಳಿಗೆಯಲ್ಲಿ ಇಂಥ ಸಂಖ್ಯೆಯ ಒಪ್ಪಂದಕ್ಕೆ ನಾನು ಸಹಿ ಹಾಕಿರುತ್ತೇನೆ. ಸಹಿಗೆ ಮೊದಲು, ಮಧ್ಯದಲ್ಲಿ ಬಿಟ್ಟರೆ ಶುಲ್ಕ ಇದೆಯೇ ಎಂದು ನಾನು ಕೇಳಿದಾಗ ನಿಮ್ಮ ಪ್ರತಿನಿಧಿಯು ಇಲ್ಲವೆಂದು ತಿಳಿಸಿದರು. ಆ ಉತ್ತರವನ್ನು ನಂಬಿಯೇ ನಾನು ಸಹಿ ಹಾಕಿದೆ. ಒಪ್ಪಂದದ ಇಂಥ ಪುಟದ ಇಂಥ ಕಲಮು ಇದಕ್ಕೆ ವಿರುದ್ಧವಾಗಿದೆ ಎಂಬುದು ಇಂಥ ದಿನಾಂಕದಂದು ನನಗೆ ತಿಳಿದುಬಂತು. ತಪ್ಪು ನಿರೂಪಣೆಯಿಂದ ಪಡೆದ ಈ ಒಪ್ಪಿಗೆಯನ್ನು ನಾನು ಹಿಂತೆಗೆದುಕೊಳ್ಳುತ್ತಿದ್ದು, ಒಪ್ಪಂದವನ್ನು ಶುಲ್ಕವಿಲ್ಲದೆ ರದ್ದುಪಡಿಸಬೇಕೆಂದು ಕೋರುತ್ತೇನೆ. ಸಾಧನವು ನನ್ನ ಬಳಿ ಸುಸ್ಥಿತಿಯಲ್ಲಿದ್ದು ಹಿಂದಿರುಗಿಸಲು ಸಿದ್ಧನಿದ್ದೇನೆ. 14 ದಿನದೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ ಸಂಬಂಧಪಟ್ಟ ಪ್ರಾಧಿಕಾರಕ್ಕೆ ದೂರು ಸಲ್ಲಿಸುತ್ತೇನೆ.’

‘ಮೋಸಗಾರರು’, ‘ಹಗಲುದರೋಡೆ’ ಎಂಬ ಪದಗಳನ್ನು ಹೊರಗಿಡಿ. ಈ ಪತ್ರವನ್ನು ಮುಂದೊಂದು ದಿನ ನಿಮ್ಮನ್ನೂ ಅವರನ್ನೂ ಅರಿಯದ ಮೂರನೆಯವರು ಓದುತ್ತಾರೆ, ಬರೆಯುವುದು ಅವರಿಗಾಗಿ. ಇಮೇಲಿನ ಜೊತೆಗೆ ನೋಂದಾಯಿತ ಅಂಚೆಯಲ್ಲೂ ಕಳಿಸಿ. ಫೋನಿನಲ್ಲಿ ಮಾತಾಡಿದರೆ ದೂರು ಸಂಖ್ಯೆ ಪಡೆಯದೆ ಕರೆ ಮುಗಿಸಬೇಡಿ, ಕರೆ ಮುಗಿದ ಕೂಡಲೇ ‘ಈಗಷ್ಟೇ ನೀವು ಹೀಗೆ ತಿಳಿಸಿದಿರಿ’ ಎಂದು ಒಂದು ಇಮೇಲ್ ಹಾಕಿ. ಒಪ್ಪಂದ ಫೋನಿನಲ್ಲೇ ಆಗಿದ್ದರೆ ಆ ಕರೆಯ ಧ್ವನಿಮುದ್ರಣವನ್ನು ಕೇಳಿ ಪಡೆಯಿರಿ. ಐರೋಪ್ಯ ಒಕ್ಕೂಟ ಮತ್ತು ಬ್ರಿಟನ್ನಿನ ದತ್ತಾಂಶ ಕಾನೂನಿನಡಿ ನಿಮಗೆ ಸಂಬಂಧಿಸಿದ ದಾಖಲೆಯನ್ನು ಕಂಪನಿ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು. ನೀವೇ ಗುಟ್ಟಾಗಿ ಧ್ವನಿಮುದ್ರಿಸುವ ಮುನ್ನ ಸ್ಥಳೀಯ ಕಾನೂನು ನೋಡಿಕೊಳ್ಳಿ, ಕೆಲವೆಡೆ ಅದು ಅಪರಾಧ.

ಹೆಜ್ಜೆ 8: ಹಣ ನಿಲ್ಲಿಸುವ ಮೊದಲು ಯೋಚಿಸಿ

ಸಿಟ್ಟಿನ ಭರದಲ್ಲಿ ಆಟೊ-ಡೆಬಿಟ್ ರದ್ದು ಮಾಡಿ ಕೂತುಬಿಡುವುದು ದುಬಾರಿಯಾಗಬಹುದು. ಬಾಕಿ ವಸೂಲಿಯವರ ಕೈಗೆ ಹೋದರೆ, ನಿಮ್ಮ ದೂರು ನ್ಯಾಯವಾದದ್ದೇ ಆಗಿದ್ದರೂ ಸಾಲದ ದಾಖಲೆಯಲ್ಲಿ ಕಪ್ಪುಚುಕ್ಕೆ ಉಳಿಯುತ್ತದೆ. ಅದನ್ನು ಅಳಿಸುವುದು ಮೂಲ ಜಗಳಕ್ಕಿಂತ ದೊಡ್ಡ ಕೆಲಸ. ತಕರಾರಿಲ್ಲದ ಭಾಗವನ್ನು ಸಮಯಕ್ಕೆ ಕಟ್ಟಿ, ತಕರಾರಿರುವ ಭಾಗವನ್ನು ತಡೆಹಿಡಿಯಲು ಬರವಣಿಗೆಯಲ್ಲಿ ಕೋರಿ. ಪೂರ್ತಿ ಕಟ್ಟಲೇಬೇಕಾಗಿ ಬಂದರೆ ‘ಆಕ್ಷೇಪಣೆಯೊಂದಿಗೆ ಪಾವತಿಸುತ್ತಿದ್ದೇನೆ, ಇದು ಒಪ್ಪಿಗೆಯಲ್ಲ’ ಎಂದು ಅದೇ ದಿನ ತಿಳಿಸಿ.

ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡುವ ಆತುರವೂ ಬೇಡ. ಪೋರ್ಟ್ ಆದ ಗಳಿಗೆಯಲ್ಲಿ ನೀವಾಗಿಯೇ ಒಪ್ಪಂದ ಮುರಿದಂತಾಗಿ ಉಳಿದ ಕಂತುಗಳೆಲ್ಲ ಬಾಕಿಯಾಗಬಹುದು. ಫೋನ್ ಹಳೆಯ ಕಂಪನಿಯ ಸಿಮ್ಮಿಗಷ್ಟೇ ಲಾಕ್ ಆಗಿದ್ದರೆ ಹೊಸ ಸಿಮ್ ಕೆಲಸವನ್ನೂ ಮಾಡದು.

ಹೆಜ್ಜೆ 9: ಮೇಲಿನ ಬಾಗಿಲು ತಟ್ಟಿ

ಕಂಪನಿ ಉತ್ತರಿಸದಿದ್ದರೆ ಅಥವಾ ಕೈಚೆಲ್ಲಿದರೆ, ‘ಇದು ನಿಮ್ಮ ಅಂತಿಮ ಉತ್ತರವೇ?’ ಎಂದು ಬರೆದು ಕೇಳಿ. ಹೊರಗಿನ ಸಂಸ್ಥೆಗಳು ಸಾಮಾನ್ಯವಾಗಿ ಆ ಉತ್ತರದ ಪ್ರತಿಯನ್ನೇ ಮೊದಲು ಕೇಳುತ್ತವೆ.

ಆಸ್ಟ್ರೇಲಿಯಾದಲ್ಲಿ 1993ರಿಂದ ದೂರಸಂಪರ್ಕ ಒಂಬುಡ್ಸ್‌ಮನ್ (ಗ್ರಾಹಕರ ದೂರು ಬಗೆಹರಿಸುವ ಸ್ವತಂತ್ರ ಅಧಿಕಾರಿ) ಇದ್ದಾರೆ, ಗ್ರಾಹಕರಿಗೆ ಶುಲ್ಕವಿಲ್ಲ. ಕೆನಡಾದಲ್ಲಿ 2007ರಲ್ಲಿ ಹುಟ್ಟಿದ ದೂರಸಂಪರ್ಕ ದೂರುಗಳ ಆಯೋಗವಿದೆ. ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ನಿಗೆ ಜಾಲತಾಣದಲ್ಲೇ ಸಾದಾ ದೂರು ಸಲ್ಲಿಸಬಹುದು. ಅದು ತಲುಪಿದ 30 ದಿನದೊಳಗೆ ಕಂಪನಿ ಉತ್ತರ ಕೊಡಬೇಕಾಗುತ್ತದೆ. ಅಲ್ಲಿಂದ ತೀರ್ಪು ಬರುವುದಿಲ್ಲ, ಆದರೆ ನಿಮ್ಮ ಕಡತ ಕಾಲ್ ಸೆಂಟರಿನಿಂದ ಮೇಲಿನ ಅಧಿಕಾರಿಗಳ ಮೇಜಿಗೆ ಏರುತ್ತದೆ. ಎಷ್ಟೋ ಸಲ ಅಷ್ಟೇ ಸಾಕು. ಭಾರತದಲ್ಲಿ ಮೊದಲು ಕಂಪನಿಯ ದೂರು ಕೇಂದ್ರದಲ್ಲಿ ದೂರು ಸಂಖ್ಯೆ ಪಡೆದು, ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಅದರ ಜೊತೆಗೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ದೂರಸಂಪರ್ಕದ ವ್ಯಾಜ್ಯ ಗ್ರಾಹಕ ಆಯೋಗದ ವ್ಯಾಪ್ತಿಗೆ ಬಾರದೆಂದು ಕಂಪನಿಗಳು ವಾದಿಸುತ್ತಿದ್ದ ಕಾಲವಿತ್ತು. 2022ರ ಫೆಬ್ರುವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿದೆ.

ಎಲ್ಲೇ ಹೋದರೂ ಕಡತ ಒಂದೇ: ಎರಡು ಕಾಲಮಿನ ಹಾಳೆ, ಒಪ್ಪಂದದ ಆ ಪುಟ, ಬಿಲ್, ನಿಮ್ಮ ಪತ್ರ, ಅವರ ಉತ್ತರ. ಇಷ್ಟಕ್ಕಿಂತ ಹೆಚ್ಚು ಕಾಗದ ತುರುಕಿದರೆ ಓದುವವರು ಮುಖ್ಯವಾದದ್ದನ್ನೇ ಕಾಣದೆ ಹೋಗಬಹುದು.

ಹೆಜ್ಜೆ 10: ಕಂಪನಿ ಒಪ್ಪಿದ ಮೇಲೆ

‘ಆಯಿತು, ಸರಿಮಾಡಿದ್ದೇವೆ’ ಎಂಬ ಕರೆ ಬಂದಾಗ ಸಂತೋಷದಿಂದ ಫೋನ್ ಇಟ್ಟುಬಿಡಬೇಡಿ. ಈ ಇಡೀ ತಾಪತ್ರಯ ಶುರುವಾದದ್ದೇ ಇಂಥದೊಂದು ಬಾಯಿಮಾತಿನಿಂದ. ಏನನ್ನು ರದ್ದುಪಡಿಸಲಾಗಿದೆ, ಎಷ್ಟು ಹಣ ಯಾವ ಖಾತೆಗೆ ಎಂದು ಬರುತ್ತದೆ, ಬಾಕಿ ಶೂನ್ಯ ಎಂಬ ಮೂರು ಸಂಗತಿಗಳು ಬರವಣಿಗೆಯಲ್ಲಿ ಕೈಸೇರಲಿ. ಫೋನ್ ಹಿಂದಿರುಗಿಸುವಾಗ ನಿಮ್ಮ ಖಾತೆಗಳಿಂದ ಹೊರಬಂದು, ಒಳಗಿನದನ್ನೆಲ್ಲ ಅಳಿಸಿ, ಪರದೆಯ ನಾಲ್ಕೂ ಮೂಲೆಗಳ ಮತ್ತು ಐಎಂಇಐ ಸಂಖ್ಯೆಯ (ಪ್ರತಿ ಫೋನಿಗೂ ಇರುವ ಪ್ರತ್ಯೇಕ ಗುರುತಿನ ಸಂಖ್ಯೆ) ಫೋಟೊ ತೆಗೆದಿಡಿ. ಗೀರು ಬಿದ್ದಿತ್ತು ಎಂಬ ಹೊಸ ತಕರಾರು ಅಲ್ಲಿಂದ ಹುಟ್ಟದಿರಲಿ. ಕೊಟ್ಟದ್ದಕ್ಕೆ ಅದೇ ಐಎಂಇಐ ಸಂಖ್ಯೆ ಇರುವ ರಸೀದಿ ಪಡೆಯಿರಿ. ಅದಾದ ಮೇಲೂ ಮುಂದಿನ ಎರಡು ತಿಂಗಳು ಬ್ಯಾಂಕಿನ ಖಾತೆಯ ವಿವರವನ್ನು ತೆರೆದು ನೋಡುತ್ತಿರಿ. ನನ್ನ ಟ್ಯಾಬ್ಲೆಟ್ಟಿನ ಸಂಪರ್ಕ ರದ್ದಾಗಿ ಐದು ವಾರ ಕಳೆದ ಮೇಲೂ ಅದರ ಬಾಡಿಗೆ ಒಮ್ಮೆ ಖಾತೆಯಿಂದ ಕಡಿತವಾಗಿತ್ತು. ಆಗ ಯಾರಿಗೂ ಫೋನ್ ಮಾಡಲಿಲ್ಲ. ಬಾಕಿ ಶೂನ್ಯ ಎಂದಿದ್ದ ಪತ್ರವನ್ನು ಲಗತ್ತಿಸಿ ಎರಡು ಸಾಲಿನ ಇಮೇಲ್ ಕಳಿಸಿದೆ. ನಾಲ್ಕನೆಯ ದಿನ ಹಣ ವಾಪಸು ಬಂತು.